ಹಝ್ರತ್ ಝೈನಬ್(ರ): ಅಗಲಿದ ಮನಗಳು ಮತ್ತೆ ಕೂಡಿದ ಕಥೆ



ನಿಮ್ಮ ಬಂಧುಬಳಗವನ್ನೊಮ್ಮೆ ನೆನೆದು ನೋಡಿ. ಗಂಡನ ಮನೆಯಿಂದ ಬಂದು ವರ್ಷಗಳಿಂದ ತವರಿನಲ್ಲೇ ಉಳಿದ ಹೆಣ್ಣುಮಗಳೊಬ್ಬಳು ಅಲ್ಲಿರಬಹುದು. ದುಡಿದು ದಣಿದು, ಹೆಂಡತಿ ಮಕ್ಕಳಿಲ್ಲದ ಮನೆಯ ಬೀಗ ತೆಗೆಯುವ ಗಂಡಸೊಬ್ಬನೂ ಇರಬಹುದು. ಇಬ್ಬರೂ ಕೆಟ್ಟವರಲ್ಲ. ಆದರೆ ಇಬ್ಬರ ಮನಸ್ಸಿಗೂ ಗಾಯವಾಗಿದೆ. ಮತ್ತೆ ಒಂದಾಗುವ ಆಸೆ ಒಳಗೆಲ್ಲೋ ಇದ್ದರೂ ಮತ್ತೆ ನಂಬುವುದು ಹೇಗೆ ಎಂಬ ಭಯ ಆ ಆಸೆಗಿಂತ ದೊಡ್ಡದಾಗಿದೆ. ಅಫಜಲಪುರ ತಾಲೂಕಿನ ಹವಳಗಾದಂತಹ ಚಿಕ್ಕ ಊರಿರಲಿ, ಕಲಬುರಗಿಯಂತಹ ದೊಡ್ಡ ಪಟ್ಟಣವಿರಲಿ, ಇಂತಹ ಮನೆಗಳಿಲ್ಲದ ಓಣಿ ಅಪರೂಪ.

ಈ ನೋವು ನಮ್ಮ ಮನೆಗೆ ಮಾತ್ರ ಬಂದ ಅವಮಾನವೆಂದು ತಿಳಿದು ತಲೆತಗ್ಗಿಸಿ ಕೂರುವವರು ಪ್ರವಾದಿವರ್ಯರ(ಸ) ಮನೆಯ ಕಡೆಗೊಮ್ಮೆ ನೋಡಬೇಕು. ಅವರ ಹಿರಿಯ ಮಗಳು ಹಝ್ರತ್ ಝೈನಬ್(ರ) ತಾವು ಪ್ರೀತಿಸಿದ ಪತಿಯನ್ನು ಅಗಲಿ ವರ್ಷಗಳನ್ನೇ ಕಳೆದರು. ಅತ್ತ ಪತಿಯೂ ಒಂಟಿಯಾದರು. ಕೊನೆಗೆ ಅವರು ಮತ್ತೆ ಒಂದಾದರು. ಒಂದಾದುದು ಹೇಗೆ ಎಂಬುದರಲ್ಲಿ ನಮ್ಮೆಲ್ಲರಿಗೂ ಪಾಠವಿದೆ.

ಖದೀಜಾರ(ರ) ಹಾರ

ಹಝ್ರತ್ ಝೈನಬ್(ರ) ಹುಟ್ಟಿದ್ದು ತಂದೆಯವರಿಗೆ ಪ್ರವಾದಿತ್ವ ದೊರೆಯುವ ಸುಮಾರು 10 ವರ್ಷಗಳ ಮೊದಲು, ಅಂದರೆ ಕ್ರಿ.ಶ. 600ರ ಆಸುಪಾಸಿನಲ್ಲಿ. ತಾಯಿ ಹಝ್ರತ್ ಖದೀಜಾ(ರ). ಖದೀಜಾರಿಗೆ(ರ) ಹಾಲ ಎಂಬ ಸಹೋದರಿಯಿದ್ದರು. ಅವರ ಮಗನೇ ಅಬುಲ್ ಆಸ್ ಬಿನ್ ರಬೀಅ್. ಮಕ್ಕಾದ ಕುರೈಶರಲ್ಲಿ ಅವರು ಹಣವಂತ ವರ್ತಕರು. ಹಣಕ್ಕಿಂತಲೂ ಅವರ ಪ್ರಾಮಾಣಿಕತೆಗೆ ಹೆಚ್ಚು ಹೆಸರಿತ್ತು. ಊರಿನ ಜನ ತಮ್ಮ ಬಂಡವಾಳವನ್ನೂ ಸರಕನ್ನೂ ಅವರ ಕೈಗೆ ಕೊಟ್ಟು ಸಿರಿಯಾದ ಮಾರುಕಟ್ಟೆಗೆ ಕಳುಹಿಸುತ್ತಿದ್ದರು. ಆ ವಿಶ್ವಾಸಕ್ಕೆ ಅವರು ಎಂದೂ ಎರಡು ಬಗೆದವರಲ್ಲ.

ಖದೀಜಾ(ರ) ಅವರನ್ನು ಸ್ವಂತ ಮಗನಂತೆ ಕಾಣುತ್ತಿದ್ದರು. ಝೈನಬ್‌ರನ್ನು(ರ) ಅವರಿಗೇ ಕೊಡೋಣವೆಂದು ಪತಿಯಲ್ಲಿ ಕೇಳಿಕೊಂಡರು. ಪ್ರವಾದಿವರ್ಯರು(ಸ) ಒಪ್ಪಿದರು. ಮದುವೆಯ ದಿನ ಖದೀಜಾ(ರ) ತಮ್ಮ ಹಾರವನ್ನು ಮಗಳ ಕೊರಳಿಗೆ ಹಾಕಿ ಕಳುಹಿಸಿದರು. ಓದುಗರೇ, ಈ ಹಾರವನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಮತ್ತೊಮ್ಮೆ ಬರಲಿದೆ. ಈ ದಂಪತಿಗೆ ಅಲೀ ಎಂಬ ಮಗನೂ ಉಮಾಮಾ ಎಂಬ ಮಗಳೂ ಹುಟ್ಟಿದರು.

ಒಂದು ಮನೆ, ಎರಡು ದಾರಿ

ಕ್ರಿ.ಶ. 610ರಲ್ಲಿ ಪ್ರವಾದಿವರ್ಯರಿಗೆ(ಸ) ದಿವ್ಯವಾಣಿ ಅವತೀರ್ಣವಾಯಿತು. ಖದೀಜಾ(ರ) ಮತ್ತು ಹೆಣ್ಣುಮಕ್ಕಳು ಸತ್ಯವಿಶ್ವಾಸ ಸ್ವೀಕರಿಸಿದರು. ಝೈನಬ್(ರ) ಕೂಡ ತಂದೆಯನ್ನು ನಂಬಿದರು. ಆದರೆ ಅಬುಲ್ ಆಸ್ ಪೂರ್ವಜರ ಧರ್ಮದಲ್ಲೇ ಉಳಿದರು. ಒಂದೇ ಸೂರಿನಡಿ ಪತಿಯ ದಾರಿ ಒಂದಾಯಿತು, ಪತ್ನಿಯ ದಾರಿ ಇನ್ನೊಂದಾಯಿತು.

ಕುರೈಶರ ಮುಖಂಡರು ಇದನ್ನು ಬಳಸಿಕೊಳ್ಳಲು ನೋಡಿದರು. ಮುಹಮ್ಮದರ(ಸ) ಹೆಣ್ಣುಮಕ್ಕಳನ್ನು ತವರಿಗೆ ಅಟ್ಟಿದರೆ ಅವರು ಮನೆಯ ಚಿಂತೆಯಲ್ಲೇ ಮುಳುಗಿ ಸಂದೇಶ ಸಾರುವುದನ್ನು ಬಿಡುತ್ತಾರೆಂಬುದು ಅವರ ಲೆಕ್ಕಾಚಾರ. ಅಬೂ ಲಹಬ್‌ನ ಮಕ್ಕಳು ಆ ಮಾತಿಗೆ ಕಿವಿಗೊಟ್ಟು ರುಕಯ್ಯಾ(ರ) ಮತ್ತು ಉಮ್ಮು ಕುಲ್ಸೂಮ್‌ರ(ರ) ಸಂಬಂಧವನ್ನು ಕಡಿದುಕೊಂಡರು. ಮುಖಂಡರು ಅಬುಲ್ ಆಸ್‌ರ ಬಳಿಗೂ ಬಂದರು. ಝೈನಬ್‌ರನ್ನು(ರ) ಬಿಟ್ಟುಬಿಡು, ಕುರೈಶರಲ್ಲಿ ನೀನು ಬಯಸಿದ ಹೆಣ್ಣನ್ನು ತಂದು ಮದುವೆ ಮಾಡಿಸುತ್ತೇವೆ ಎಂದು ಆಸೆ ತೋರಿಸಿದರು. ಅಬುಲ್ ಆಸ್ ಖಡಾಖಂಡಿತವಾಗಿ ನಿರಾಕರಿಸಿದರು. ತಮ್ಮ ಪತ್ನಿಯ ಬದಲಿಗೆ ಬೇರಾವ ಹೆಣ್ಣೂ ಅವರಿಗೆ ಬೇಕಿರಲಿಲ್ಲ. ಮಾವನ ಧರ್ಮವನ್ನು ಒಪ್ಪದ ಈ ಅಳಿಯನ ನಡತೆಯನ್ನು ಪ್ರವಾದಿವರ್ಯರು(ಸ) ಮರೆಯಲಿಲ್ಲ, ಮುಂದೆಯೂ ಅದನ್ನು ಹೊಗಳಿ ಮಾತನಾಡಿದರು.

ಆದರೂ ಝೈನಬ್‌ರ(ರ) ಪಾಲಿಗೆ ಅವು ಕಷ್ಟದ ವರ್ಷಗಳು. ಕ್ರಿ.ಶ. 619ರಲ್ಲಿ ತಾಯಿ ತೀರಿಕೊಂಡರು. 622ರಲ್ಲಿ ತಂದೆ ಮದೀನಾಕ್ಕೆ ಹಿಜ್‌ರತ್ ಹೋದರು. ತಂಗಿಯರೂ ಅಲ್ಲಿಗೇ ಸೇರಿದರು. ಝೈನಬ್(ರ) ಮಾತ್ರ ಮಕ್ಕಾದಲ್ಲಿ, ತಂದೆಯನ್ನು ದ್ವೇಷಿಸುವವರ ನಡುವೆ, ಗಂಡನ ಮನೆಯಲ್ಲಿ ಉಳಿದರು.

ಬದ್ರ್ ತಂದ ಸಂಕಟ

ಹಿಜ್‌ರಿ 2ನೆಯ ವರ್ಷದ ರಮಝಾನ್, ಕ್ರಿ.ಶ. 624. ಬದ್ರ್‌ನಲ್ಲಿ ಸುಮಾರು 313 ಮುಸ್ಲಿಮರು, ಸುಮಾರು 1000 ಮಂದಿ ಕುರೈಶರು ಎದುರು ಬದುರಾದರು. ಕುರೈಶರ ಪಡೆಯಲ್ಲಿ ಅಬುಲ್ ಆಸ್ ಕೂಡ ಇದ್ದರು. ಒಂದು ಕಡೆ ತಂದೆ, ಇನ್ನೊಂದು ಕಡೆ ಮಕ್ಕಳ ತಂದೆ. ಮನೆಯಲ್ಲಿ ಸುದ್ದಿಗಾಗಿ ಕಾದು ಕುಳಿತ ಹೆಣ್ಣಿನ ಸ್ಥಿತಿಯನ್ನು ನೀವೇ ಊಹಿಸಿ. ಯಾರು ಗೆದ್ದರೂ ಅವರಿಗೆ ಅಳು ತಪ್ಪುತ್ತಿರಲಿಲ್ಲ.

ಕುರೈಶರು ಸೋತರು. 70 ಮಂದಿ ಸತ್ತರು, 70 ಮಂದಿ ಸೆರೆಸಿಕ್ಕರು. ಸೆರೆಯಾಳುಗಳಲ್ಲಿ ಅಬುಲ್ ಆಸ್ ಒಬ್ಬರು. ಮಕ್ಕಾದವರು ತಮ್ಮತಮ್ಮವರನ್ನು ಬಿಡಿಸಲು ವಿಮೋಚನಾ ಧನ ಕಳುಹಿಸತೊಡಗಿದರು. ಝೈನಬ್(ರ) ಕೂಡ ಪತಿಯ ಸಹೋದರ ಅಮ್ರ್‌ನ ಕೈಯಲ್ಲಿ ಧನ ಕಳುಹಿಸಿದರು. ಅದರ ಜೊತೆಗೆ ತಾಯಿ ಕೊಟ್ಟ ಆ ಹಾರವನ್ನೂ ಇಟ್ಟಿದ್ದರು.

ಹಾರವನ್ನು ಕಂಡೊಡನೆ ಪ್ರವಾದಿವರ್ಯರ(ಸ) ಮನ ಕರಗಿಹೋಯಿತು. ಅಗಲಿದ ಪತ್ನಿಯ ನೆನಪು, ದೂರದಲ್ಲಿ ಒಂಟಿಯಾದ ಮಗಳ ನೆನಪು ಒಟ್ಟಿಗೇ ಉಕ್ಕಿ ಬಂತು. ಅವರು ಸಮುದಾಯದ ನಾಯಕರು. ಮಾತೊಂದನ್ನು ಹೇಳಿದ್ದರೆ ಸಾಕಿತ್ತು. ಆದರೆ ಸೆರೆಯಾಳುಗಳ ಮೇಲೆ ಇತರರಿಗೂ ಹಕ್ಕಿದೆಯೆಂದು ಅವರು ಸಂಗಾತಿಗಳ ಒಪ್ಪಿಗೆ ಕೇಳಿದರು. ನಿಮಗೆ ಸರಿಯೆನಿಸಿದರೆ ಝೈನಬ್‌ಳ ಸೆರೆಯಾಳನ್ನು ಬಿಟ್ಟು, ಅವಳ ಸೊತ್ತನ್ನು ಅವಳಿಗೇ ಮರಳಿಸಿ ಎಂಬುದಷ್ಟೇ ಅವರ ಕೋರಿಕೆ. ಸಹಾಬಿಗಳು ಸಂತೋಷದಿಂದ ಒಪ್ಪಿದರು. ಹಾರವೂ ಮರಳಿತು, ಸೆರೆಯಾಳೂ ಬಿಡುಗಡೆಯಾದರು.

ಆದರೆ ಒಂದು ಮಾತು ಪಡೆಯಲಾಯಿತು. ಮಕ್ಕಾಕ್ಕೆ ಹೋದೊಡನೆ ಅಬುಲ್ ಆಸ್ ಝೈನಬ್‌ರನ್ನು(ರ) ಮದೀನಾಕ್ಕೆ ಕಳುಹಿಸಿಕೊಡಬೇಕು. ಹಿಂದೆ ಇಡೀ ಕುರೈಶ್ ಒತ್ತಾಯಿಸಿದರೂ ಪತ್ನಿಯನ್ನು ಬಿಡದ ಮನುಷ್ಯ ಈಗ ತನ್ನ ಕೈಯಿಂದಲೇ ಅವರನ್ನು ಕಳುಹಿಸಬೇಕಾಯಿತು.

ದಾರಿಯಲ್ಲಿ ಆದ ಗಾಯ

ಊರು ತಲುಪಿದ ಮೇಲೆ ಮಾತು ತಪ್ಪುವುದು ಅಬುಲ್ ಆಸ್‌ರಿಗೆ ಕಷ್ಟವಿರಲಿಲ್ಲ. ಅವರನ್ನು ಕೇಳುವವರು 400 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದರು. ಆದರೂ ಅವರು ಝೈನಬ್‌ರಿಗೆ(ರ) ಹೊರಡಲು ಸಿದ್ಧವಾಗುವಂತೆ ತಿಳಿಸಿದರು. ಪ್ರವಾದಿವರ್ಯರು(ಸ) ಝೈದ್ ಬಿನ್ ಹಾರಿಸಾ(ರ) ಮತ್ತು ಒಬ್ಬ ಅನ್ಸಾರಿಯನ್ನು ಮಕ್ಕಾದ ಹೊರಗಿನ ಯಅ್‌ಜಜ್ ಕಣಿವೆಯಲ್ಲಿ ಕಾಯಲು ಕಳುಹಿಸಿದ್ದರು.

ಸಿದ್ಧತೆಯ ಆ ದಿನಗಳಲ್ಲಿ ಅಬೂ ಸುಫ್ಯಾನ್‌ರ ಪತ್ನಿ ಹಿಂದ್ ಝೈನಬ್‌ರ(ರ) ಬಳಿಗೆ ಬಂದರು. ಪ್ರಯಾಣಕ್ಕೆ ಏನಾದರೂ ಬೇಕಿದ್ದರೆ ಸಂಕೋಚಪಡಬೇಡ, ಗಂಡಸರ ಜಗಳ ಹೆಂಗಸರ ನಡುವೆ ಬರುವುದಿಲ್ಲ ಎಂಬ ಅರ್ಥದ ಮಾತಾಡಿದರು. ಆ ಹಿಂದ್ ಬದ್ರ್‌ನಲ್ಲಿ ತಂದೆಯನ್ನೂ ಸಹೋದರನನ್ನೂ ಕಳೆದುಕೊಂಡವರು. ಅವರು ಮನಃಪೂರ್ವಕವಾಗಿಯೇ ಹೇಳಿದರೆಂದು ಝೈನಬ್‌ರಿಗೆ(ರ) ಅನಿಸಿತು. ಆದರೂ ಭಯದಿಂದ ಹೊರಡುವ ವಿಷಯವನ್ನೇ ಮುಚ್ಚಿಟ್ಟರು. ನೊಂದ ಮನಸ್ಸು ಹೀಗೆಯೇ. ಎದುರಿನವರು ಒಳ್ಳೆಯ ಮಾತಾಡಿದರೂ ಬಾಗಿಲು ತೆರೆಯಲು ಅದು ಹೆದರುತ್ತದೆ. ಅದನ್ನು ತಪ್ಪೆಂದು ಹೇಳುವ ಹಕ್ಕು ನೋಯದವರಿಗಿಲ್ಲ.

ಅಬುಲ್ ಆಸ್‌ರ ಸಹೋದರ ಕಿನಾನಾ ಝೈನಬ್‌ರನ್ನು(ರ) ಒಂಟೆಯ ಅಂಬಾರಿಯಲ್ಲಿ ಕೂರಿಸಿ, ಬಿಲ್ಲು ಬತ್ತಳಿಕೆ ಹಿಡಿದು ಹಾಡುಹಗಲೇ ಹೊರಟ. ಸುದ್ದಿ ಹಬ್ಬಿತು. ಕುರೈಶರ ಕೆಲವರು ಬೆನ್ನಟ್ಟಿ ದೂ ತುವಾ ಎಂಬಲ್ಲಿ ತಡೆದರು. ಹಬ್ಬಾರ್ ಬಿನ್ ಅಸ್ವದ್ ಎಂಬವನು ಭರ್ಜಿ ಹಿಡಿದು ಅಂಬಾರಿಯಲ್ಲಿದ್ದ ಝೈನಬ್‌ರನ್ನು(ರ) ಬೆದರಿಸಿದ. ಆಗ ಅವರು ಗರ್ಭಿಣಿ. ಆ ಭಯ, ಆಘಾತದಿಂದ ಗರ್ಭಪಾತವಾಯಿತು.

ಕಿನಾನಾ ಬಾಣಗಳನ್ನು ಮುಂದೆ ಸುರುವಿ ಯಾರೂ ಹತ್ತಿರ ಬರದಂತೆ ನಿಂತ. ಆಗ ಅಬೂ ಸುಫ್ಯಾನ್ ಬಂದು, ಬದ್ರ್‌ನ ಗಾಯ ಹಸಿಯಾಗಿರುವಾಗ ಹೀಗೆ ಎಲ್ಲರೆದುರು ಕರೆದೊಯ್ದರೆ ಜನ ಅದನ್ನು ಅವಮಾನವೆಂದು ತಿಳಿಯುತ್ತಾರೆ, ಈಗ ಮರಳಿ ಹೋಗಿ ಗದ್ದಲ ಅಡಗಿದ ಮೇಲೆ ರಾತ್ರಿ ಸದ್ದಿಲ್ಲದೆ ಕರೆದೊಯ್ಯಿ ಎಂದು ಬುದ್ಧಿ ಹೇಳಿದರು. ಕಿನಾನಾ ಹಾಗೆಯೇ ಮಾಡಿದ. ಕೆಲವು ದಿನಗಳ ನಂತರ ಒಂದು ರಾತ್ರಿ ಅವರನ್ನು ಝೈದ್‌ರಿಗೆ(ರ) ಒಪ್ಪಿಸಿದ. ಝೈನಬ್(ರ) ತಂದೆಯ ಬಳಿ ಸೇರಿದರು. ಆ ಪೆಟ್ಟಿನ ಪರಿಣಾಮ ಅವರ ದೇಹದಿಂದ ಕೊನೆಯವರೆಗೂ ಪೂರ್ತಿಯಾಗಿ ಹೋಗಲಿಲ್ಲವೆಂದು ಚರಿತ್ರೆಕಾರರು ಬರೆದಿದ್ದಾರೆ.

ಈಗ ಇಬ್ಬರನ್ನೂ ನೋಡಿ. ಮದೀನಾದಲ್ಲಿ ಮಗುವನ್ನು ಕಳೆದುಕೊಂಡ, ಪತಿಯನ್ನು ಅಗಲಿದ ಹೆಣ್ಣು. ಮಕ್ಕಾದಲ್ಲಿ ಮಾತು ಉಳಿಸಿಕೊಂಡು ಮನೆ ಕಳೆದುಕೊಂಡ ಗಂಡು. ಅವರ ನಡುವೆ ಯುದ್ಧವಿತ್ತು, ರಕ್ತವಿತ್ತು, ಎಲ್ಲಕ್ಕಿಂತ ಮಿಗಿಲಾಗಿ ವಿಶ್ವಾಸದ ಅಂತರವಿತ್ತು.

ನಡುರಾತ್ರಿಯ ಅತಿಥಿ

ವರ್ಷಗಳು ಉರುಳಿದವು. ಹಿಜ್‌ರಿ 6ನೆಯ ವರ್ಷ, ಕ್ರಿ.ಶ. 627. ಅಬುಲ್ ಆಸ್ ಕುರೈಶರ ಸರಕಿನೊಂದಿಗೆ ಸಿರಿಯಾದಿಂದ ಮರಳುತ್ತಿದ್ದರು. ಝೈದ್ ಬಿನ್ ಹಾರಿಸಾರ(ರ) ನಾಯಕತ್ವದ 170 ಸವಾರರ ತಂಡ ಈಸ್ ಎಂಬಲ್ಲಿ ಆ ಕಾಫಿಲಾವನ್ನು ವಶಪಡಿಸಿಕೊಂಡಿತು. ಸರಕೆಲ್ಲ ಹೋಯಿತು. ಅಬುಲ್ ಆಸ್ ತಪ್ಪಿಸಿಕೊಂಡರು. ಹೋಗುವುದಾದರೂ ಎಲ್ಲಿಗೆ? ಬರಿಗೈಯಲ್ಲಿ ಮಕ್ಕಾಕ್ಕೆ ಹೋದರೆ ನಂಬಿ ಕೊಟ್ಟವರಿಗೆ ಏನೆಂದು ಉತ್ತರಿಸುವುದು? ರಾತ್ರಿಯ ಕತ್ತಲಲ್ಲಿ ಅವರು ಮದೀನಾ ಪ್ರವೇಶಿಸಿ ಝೈನಬ್‌ರ(ರ) ಬಾಗಿಲಿಗೆ ಬಂದರು. ಅಭಯ ಬೇಡಿದರು.

ಓದುವ ಸಹೋದರಿಯರೇ, ಆ ಕ್ಷಣದಲ್ಲಿ ನಿಮ್ಮನ್ನು ಇಟ್ಟು ನೋಡಿ. ಬಾಗಿಲಲ್ಲಿ ನಿಂತವರು ಒಂದು ಕಾಲದಲ್ಲಿ ಪ್ರಾಣಕ್ಕಿಂತ ಹೆಚ್ಚಾದವರು. ಈಗ ಶತ್ರುಪಾಳಯದವರು. ಅವರ ಊರಿನವರ ಕೈಯಿಂದಲೇ ಹೊಟ್ಟೆಯ ಕೂಸು ಹೋಗಿತ್ತು. ಝೈನಬ್(ರ) ಹಳೆಯ ಲೆಕ್ಕ ತೆಗೆಯಲಿಲ್ಲ, ಷರತ್ತು ಹಾಕಲಿಲ್ಲ. ಅಭಯ ಕೊಟ್ಟರು.

ಅದನ್ನು ಗುಟ್ಟಾಗಿಯೂ ಇಡಲಿಲ್ಲ. ಬೆಳಗಿನ ಫಜ್ರ್ ನಮಾಝ್‌ಗೆ ಜನ ಸಾಲುಗಟ್ಟಿ ನಿಂತಾಗ ಹೆಂಗಸರ ಸಾಲಿನಿಂದ ಗಟ್ಟಿ ದನಿಯಲ್ಲಿ ತಾನು ಅಬುಲ್ ಆಸ್‌ರಿಗೆ ಅಭಯ ನೀಡಿದ್ದೇನೆಂದು ಸಾರಿದರು. ನಮಾಝ್ ಮುಗಿಸಿದ ಪ್ರವಾದಿವರ್ಯರು(ಸ) ಈ ವಿಷಯ ತಮಗೂ ಆಗಲೇ ತಿಳಿದದ್ದೆಂದು ಆಣೆಯಿಟ್ಟು ಹೇಳಿದರು. ಮುಸ್ಲಿಮರಲ್ಲಿ ಅತ್ಯಂತ ಸಾಮಾನ್ಯ ವ್ಯಕ್ತಿ ಕೊಟ್ಟ ಅಭಯವೂ ಎಲ್ಲರ ಮೇಲೆ ಬಾಧ್ಯವೆಂದು ಸ್ಪಷ್ಟಪಡಿಸಿದರು. ಒಬ್ಬ ಹೆಣ್ಣಿನ ಮಾತು ಇಡೀ ಮದೀನಾದ ಮಾತಾಯಿತು.

ಬಳಿಕ ಮಗಳ ಬಳಿಗೆ ಹೋಗಿ ಎರಡು ಸೂಚನೆ ಕೊಟ್ಟರು. ಅತಿಥಿಯನ್ನು ಗೌರವದಿಂದ ನೋಡಿಕೋ. ಆದರೆ ಪತಿಯೆಂದು ಹತ್ತಿರ ಬರಗೊಡಬೇಡ, ಈಗಿನ ಸ್ಥಿತಿಯಲ್ಲಿ ಅದು ಧರ್ಮಸಮ್ಮತವಲ್ಲ. ಆದರವೂ ಇತ್ತು, ಎಲ್ಲೆಯೂ ಇತ್ತು. ಈ ಎರಡನ್ನು ಒಟ್ಟಿಗೆ ನಿಭಾಯಿಸುವುದು ನಮಗೆ ಎಷ್ಟು ಕಷ್ಟವೆಂದು ಯೋಚಿಸಿ. ನಾವು ಒಂದೋ ಮುಖ ತಿರುಗಿಸುತ್ತೇವೆ, ಇಲ್ಲವೇ ಆದದ್ದೆಲ್ಲ ಮರೆತುಬಿಡೆಂದು ನೊಂದವರನ್ನೇ ಒತ್ತಾಯಿಸುತ್ತೇವೆ.

ತೊಗಲಿನ ಚೀಲದವರೆಗೆ

ಪ್ರವಾದಿವರ್ಯರು(ಸ) ಸರಕನ್ನು ವಶಪಡಿಸಿಕೊಂಡವರ ಬಳಿಗೂ ಹೋದರು. ಈ ಮನುಷ್ಯನ ಸಂಬಂಧ ನಿಮಗೆ ಗೊತ್ತಿದೆ, ಸರಕು ಮರಳಿಸಿದರೆ ನನಗೆ ಸಂತೋಷ, ಮರಳಿಸದಿದ್ದರೆ ಅದು ನಿಮ್ಮ ಹಕ್ಕು ಎಂದು ತಿಳಿಸಿದರು. ಅವರೆಲ್ಲ ಮರಳಿಸಿದರು. ಹಳೆಯ ಬಾವಿಯ ಬಕೆಟ್ಟು, ನೀರಿನ ತೊಗಲಿನ ಚೀಲಗಳಂತಹ ಸಣ್ಣಪುಟ್ಟ ವಸ್ತುಗಳನ್ನೂ ತಂದು ಒಪ್ಪಿಸಿದರು. ಒಂದೂ ಉಳಿಯಲಿಲ್ಲ.

ಅಬುಲ್ ಆಸ್ ಎಲ್ಲವನ್ನೂ ಹೇರಿಕೊಂಡು ಮಕ್ಕಾಕ್ಕೆ ಹೋದರು. ಯಾರ್ಯಾರದು ಏನೇನಿತ್ತೋ ಅವರವರಿಗೆ ಮುಟ್ಟಿಸಿದರು. ಇನ್ನು ಯಾರದಾದರೂ ಬಾಕಿ ಇದೆಯೇ ಎಂದು ಎಲ್ಲರೆದುರು ಕೇಳಿದರು. ಇಲ್ಲ, ನೀನು ಮಾತಿಗೆ ತಪ್ಪದ ಮನುಷ್ಯ ಎಂದು ಜನ ಒಪ್ಪಿಕೊಂಡರು. ಆಗ ಅವರು ಅಲ್ಲೇ, ಕುರೈಶರ ನಡುವೆಯೇ, ಅಲ್ಲಾಹನ ಏಕತ್ವಕ್ಕೂ ಮುಹಮ್ಮದರ(ಸ) ಪ್ರವಾದಿತ್ವಕ್ಕೂ ಸಾಕ್ಷ್ಯ ನುಡಿದರು. ಮದೀನಾದಲ್ಲಿರುವಾಗಲೇ ಇಸ್ಲಾಮ್ ಸ್ವೀಕರಿಸಿದ್ದರೆ, ನಮ್ಮ ಸೊತ್ತನ್ನು ನುಂಗಲೆಂದೇ ಧರ್ಮ ಬದಲಿಸಿದನೆಂದು ನೀವು ತಿಳಿಯುತ್ತಿದ್ದಿರಿ, ಆ ಭಯವೊಂದೇ ನನ್ನನ್ನು ತಡೆದದ್ದು ಎಂದು ಅವರು ವಿವರಿಸಿದರು.

ಇದನ್ನು ಗಮನಿಸಿ ಓದುಗರೇ. ಪತ್ನಿ ಇದ್ದದ್ದು ಮದೀನಾದಲ್ಲಿ. ಶಹಾದತ್‌ನ ಮಾತನ್ನು ಅಲ್ಲೇ ಹೇಳಿದ್ದರೆ ಅಗಲಿಕೆ ಅಂದೇ ಮುಗಿಯಬಹುದಿತ್ತು. ಆದರೆ ತನ್ನ ಪ್ರೀತಿಗೂ ವಿಶ್ವಾಸಕ್ಕೂ ಯಾರೊಬ್ಬರ ಸಂದೇಹದ ಕಲೆ ಅಂಟಬಾರದೆಂದು ಅವರು ಅಷ್ಟು ದೂರ ಹೋಗಿ ಲೆಕ್ಕ ತೀರಿಸಿದರು. ಅವರು ಮತ್ತೆ ಮದೀನಾಕ್ಕೆ ಬಂದಾಗ ಜನರ ಋಣವಾಗಲೀ ಅಡಗಿಸಿಟ್ಟ ಉದ್ದೇಶವಾಗಲೀ ಅವರ ಮೇಲಿರಲಿಲ್ಲ.

ಹಿಜ್‌ರಿ 7ನೆಯ ವರ್ಷದ ಮುಹರ್ರಮ್, ಕ್ರಿ.ಶ. 628. ಪ್ರವಾದಿವರ್ಯರು(ಸ) ಮಗಳನ್ನು ಅಬುಲ್ ಆಸ್‌ರಿಗೆ(ರ) ಮರಳಿ ಒಪ್ಪಿಸಿದರು. ಹಳೆಯ ನಿಕಾಹ್‌ನ ಆಧಾರದಲ್ಲೇ ಒಪ್ಪಿಸಿದರೆಂದು ಒಂದು ವರದಿ, ಹೊಸ ನಿಕಾಹ್ ಮತ್ತು ಮಹ್ರ್‌ನೊಂದಿಗೆ ಎಂದು ಇನ್ನೊಂದು ವರದಿ. ಮುರಿದ ಮನೆಗೆ ಮತ್ತೆ ದೀಪ ಬಂತೆಂಬುದರಲ್ಲಿ ಎಲ್ಲರೂ ಒಂದೇ.

ಆ ಬಾಳು ಹೆಚ್ಚು ಕಾಲ ಉಳಿಯಲಿಲ್ಲ. ಸುಮಾರು ಒಂದು ವರ್ಷದ ಬಳಿಕ, ಹಿಜ್‌ರಿ 8ರಲ್ಲಿ, ಹಝ್ರತ್ ಝೈನಬ್(ರ) ಇಹಲೋಕ ತ್ಯಜಿಸಿದರು. ಅವರಿಗೆ ಸ್ನಾನ ಮಾಡಿಸಿದವರಲ್ಲಿ ಉಮ್ಮು ಅತಿಯ್ಯಾ(ರ) ಒಬ್ಬರು. ಪ್ರವಾದಿವರ್ಯರು(ಸ) ತಾವು ಉಡುವ ವಸ್ತ್ರವನ್ನು ಕೊಟ್ಟು ಮಗಳ ಮೈಗೆ ಅದನ್ನೇ ಮೊದಲು ಸುತ್ತಲು ಹೇಳಿದರು. ಮೊಮ್ಮಗಳು ಉಮಾಮಾಳನ್ನು ಅವರು ಹೆಗಲ ಮೇಲೆ ಹೊತ್ತು ನಮಾಝ್ ಮಾಡಿದ, ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ ಏಳುವಾಗ ಮತ್ತೆ ಎತ್ತಿಕೊಂಡ ಸಂಗತಿ ಹದೀಸ್ ಗ್ರಂಥಗಳಲ್ಲಿದೆ. ಅಬುಲ್ ಆಸ್(ರ) ಹಿಜ್‌ರಿ 12ರಲ್ಲಿ ತೀರಿಕೊಂಡರು. ಭರ್ಜಿ ಹಿಡಿದು ಬೆದರಿಸಿದ ಹಬ್ಬಾರ್ ಕೂಡ ಮಕ್ಕಾ ವಿಜಯದ ನಂತರ ಇಸ್ಲಾಮ್ ಸ್ವೀಕರಿಸಿ ಪ್ರವಾದಿವರ್ಯರಿಂದ(ಸ) ಕ್ಷಮೆ ಪಡೆದ.

ನಮ್ಮ ಮನೆಗಳಿಗೆ

ಈ ಚರಿತ್ರೆಯನ್ನು ಓದಿ ಕಣ್ಣೊರೆಸಿಕೊಂಡರೆ ಸಾಲದು. ಮತ್ತೆ ನಂಬುಗೆ ಹುಟ್ಟಿದ್ದು ಹೇಗೆಂದು ನೋಡಬೇಕು. ಅಬುಲ್ ಆಸ್(ರ) ಪತ್ನಿಯ ಮುಂದೆ ಆಣೆ ಪ್ರಮಾಣಗಳನ್ನು ಮಾಡಿದ ಸುದ್ದಿ ಎಲ್ಲಿಯೂ ಇಲ್ಲ. ಅವರು ಕೊಟ್ಟ ಮಾತನ್ನು ನಷ್ಟವಾದರೂ ಉಳಿಸಿಕೊಂಡರು, ಪರರ ಸೊತ್ತನ್ನು ಮುಟ್ಟಿಸಿದರು. ಝೈನಬ್(ರ) ಅದನ್ನು ವರ್ಷಗಳುದ್ದಕ್ಕೂ ಕಂಡಿದ್ದರು. ಅಮಾನತ್ ಕಾಯುವವನ ಕೈಗೆ ಮನಸ್ಸನ್ನು ಮತ್ತೊಮ್ಮೆ ಕೊಡಬಹುದೆಂಬ ಧೈರ್ಯ ಹುಟ್ಟುವುದು ಇಂತಹ ನಡತೆಯಿಂದ.

ನಮ್ಮಲ್ಲಿ ಗಂಡ ಹೆಂಡಿರು ಬೇರೆಯಾದಾಗ ಏನಾಗುತ್ತದೆ? ಹೆಣ್ಣಿನ ಬಂಗಾರ ಒಂದು ಕಡೆ, ಪಾತ್ರೆ ಪಡಗ ಇನ್ನೊಂದು ಕಡೆ ಉಳಿಯುತ್ತದೆ. ಮಹ್ರ್‌ನ ಮಾತು ಬಾಯಲ್ಲೇ ಉಳಿಯುತ್ತದೆ. ಮಕ್ಕಳ ಕಿವಿಗೆ ತಂದೆಯ ಬಗ್ಗೆ, ತಾಯಿಯ ಬಗ್ಗೆ ವಿಷ ಹಾಕಲಾಗುತ್ತದೆ. ಒಂದು ಹಳೆಯ ತೊಗಲಿನ ಚೀಲವನ್ನೂ ಇಟ್ಟುಕೊಳ್ಳದ ಸಹಾಬಿಗಳ ಮುಂದೆ ನಾವು ಎಲ್ಲಿ ನಿಲ್ಲುತ್ತೇವೆ?

ತಂದೆ ತಾಯಿಗಳಾದವರು ಪ್ರವಾದಿವರ್ಯರನ್ನು(ಸ) ನೋಡಬೇಕು. ಎದುರು ಪಾಳಯದಲ್ಲಿದ್ದ ಅಳಿಯನ ಒಳ್ಳೆಯತನವನ್ನು ಅವರು ಬಾಯಿತುಂಬ ಹೊಗಳಿದರು. ಮಗಳ ಮಾತನ್ನು ಜನರೆದುರು ಎತ್ತಿಹಿಡಿದರು. ಅಲ್ಲಾಹನ ಎಲ್ಲೆಯನ್ನು ಮಾತ್ರ ಸಡಿಲಿಸಲಿಲ್ಲ. ಒಂದಾಗಲು ಅವಸರಪಡಿಸಲಿಲ್ಲ, ಒಂದಾಗುವ ದಿನ ಬಂದಾಗ ಅಡ್ಡ ನಿಲ್ಲಲೂ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರ ಕೋಪ ಆರಿದ ಮೇಲೂ ಬೀಗರ ಹಠ ಆರುವುದಿಲ್ಲ.

ಇನ್ನೊಂದು ಮಾತು. ಅಗಲಿದವರೆಲ್ಲ ಮತ್ತೆ ಕೂಡಲೇಬೇಕೆಂದು ಇದರ ಅರ್ಥವಲ್ಲ. ಅಬುಲ್ ಆಸ್(ರ) ಪತ್ನಿಯ ಮೇಲೆ ಕೈ ಮಾಡಿದವರಲ್ಲ, ಅವರನ್ನು ಹೀನಾಯವಾಗಿ ಕಂಡವರಲ್ಲ. ಹೊಡೆತ ಬಡಿತಕ್ಕೆ ಹೆದರಿ ಬಂದ ಹೆಣ್ಣನ್ನು ಈ ಕಥೆ ಹೇಳಿ ಅದೇ ಮನೆಗೆ ಅಟ್ಟುವುದು ಅನ್ಯಾಯ. ಮೊದಲು ಅವಳಿಗೆ ಅಭಯ ಸಿಗಬೇಕು. ತಪ್ಪು ಮಾಡಿದವನು ತನ್ನ ಲೆಕ್ಕ ತೀರಿಸಿ ಬರಬೇಕು. ಅದಕ್ಕೆ ಸಮಯ ಹಿಡಿದರೆ ಹಿಡಿಯಲಿ. ಎರಡೂ ಕಡೆಯಿಂದ ಒಬ್ಬೊಬ್ಬ ನ್ಯಾಯವಂತ ಹಿರಿಯರನ್ನು ಕೂರಿಸಿ ಮಾತಾಡಬೇಕೆಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯ ಕಲಿಸುತ್ತದೆ. ಆ ಹಿರಿಯರು ಗೆಲ್ಲಲು ಕೂರುವುದಲ್ಲ, ಕೂಡಿಸಲು ಕೂರಬೇಕು.

ನಿಮ್ಮ ಬಂಧುಗಳಲ್ಲಿ ಅಂತಹ ಇಬ್ಬರಿದ್ದರೆ ಈ ವಾರವೇ ಹೋಗಿ ಅವರನ್ನು ಕಾಣಿರಿ. ಉಪದೇಶ ಬೇಡ. ಒಬ್ಬರಲ್ಲಿ ಉಳಿದ ಇನ್ನೊಬ್ಬರ ವಸ್ತು ಏನಾದರೂ ಇದೆಯೇ ಎಂದು ವಿಚಾರಿಸಿ, ಇದ್ದರೆ ನೀವೇ ತೆಗೆದುಕೊಂಡು ಹೋಗಿ ಮುಟ್ಟಿಸಿರಿ. ಒಬ್ಬರ ಬಗ್ಗೆ ಇನ್ನೊಬ್ಬರಲ್ಲಿ ಉಳಿದ ಒಳ್ಳೆಯ ಮಾತೊಂದಿದ್ದರೆ ಅದನ್ನೂ ಮುಟ್ಟಿಸಿರಿ. ಉಳಿದದ್ದನ್ನು ಹೃದಯಗಳ ಒಡೆಯನಾದ ಅಲ್ಲಾಹನಲ್ಲಿ ಬೇಡೋಣ. ಮುರಿದ ಮನೆಗಳಿಗೆ ಅವನು ಶಾಂತಿ ಕರುಣಿಸಲಿ, ಆಮೀನ್.